ಬನಶಂಕರಿಯ ಗಂಟಲು

ಬನಶಂಕರಿ ಮಾತಾಡಿದರೆ ಹೊಸಬರು ಜಗಳ ಅಂದುಕೊಳ್ಳುತ್ತಾರೆ. ಜಗಳವೂ ಇಲ್ಲ, ಮಣ್ಣೂ ಇಲ್ಲ, ಅವಳ ದನಿಯೇ ಅಷ್ಟು. ದೊಡ್ಡಬಳ್ಳಾಪುರದ ಸಂಜೀವಪ್ಪನವರ ಪವರ್‌ಲೂಮ್ ಶೆಡ್ಡಿನಲ್ಲಿ ಇಪ್ಪತ್ತಾರು ವರ್ಷದಿಂದ ಸೀರೆ ನೇಯುತ್ತಾಳೆ. ಎಂಟು ಮಗ್ಗ ಒಟ್ಟಿಗೆ ಕಟಕಟ ಅನ್ನುವಾಗ ಕಿವಿ ಉಳಿಯುವುದುಂಟೇ? ಅವಳದು ಮುಕ್ಕಾಲು ಹೋಗಿದೆ. ಬಾಯಿ ಆಡಿಸಿ ಪ್ರಯೋಜನವಿಲ್ಲವೆಂದು ಅಲ್ಲಿ ಎಲ್ಲರೂ ಕೈಯಲ್ಲೇ ಮಾತಾಡುತ್ತಾರೆ. ಎಳೆ ಕಿತ್ತಿತು, ನಲ್ಲಿ ಬಂತು, ಊಟಕ್ಕೆ ಏಳು, ಎಲ್ಲಕ್ಕೂ ಸನ್ನೆ ಇದೆ.

ಅವಳ ಮಗಳು ವಾಣಿ ನಮ್ಮ ಸರ್ಕಾರಿ ಶಾಲೆಯಲ್ಲಿ ಏಳನೇ ಕ್ಲಾಸು. ನಾನು ಅಲ್ಲಿ ಲೆಕ್ಕದ ಮೇಷ್ಟ್ರು. ಅಮ್ಮನಿಗೆ ಕೇಳಿಸಲೆಂದು ಕೂಗಿ ಕೂಗಿ ಆ ಹುಡುಗಿಯದೂ ಅದೇ ಗಂಟಲು.

ಇಂಗ್ಲಿಷ್ ಮೇಷ್ಟ್ರು ಯೋಗಾನಂದ ಎಲ್ಲೆಲ್ಲಿಗೋ ಮೇಲ್ ಬರೆದು, ಪೋಲೆಂಡಿನ ಒಂದು ಶಾಲೆಯ ಮಕ್ಕಳ ಜೊತೆ ಗುರುವಾರ ಗುರುವಾರ ವಿಡಿಯೊ ಕಾಲ್ ಗೊತ್ತುಮಾಡಿದರು. ಮೊದಲ ಸಲ ವಾಣಿ ಎದ್ದು "ಮೈ ನೇಮ್ ಈಸ್ ವಾಣಿ" ಅಂದದ್ದೇ ತಡ, ಆ ಕಡೆಯ ಮಕ್ಕಳು ಕಿವಿ ಮುಚ್ಚಿಕೊಂಡರು. ನಮ್ಮ ಮಕ್ಕಳು ನಕ್ಕರು. ನಾನೂ ನಕ್ಕೆ. ನಗಬಾರದಿತ್ತು.

"ನೀನು ಹಿಂದೆ ಕೂತು ಸುಮ್ನೆ ನೋಡ್ತಾ ಇರಮ್ಮ, ಸಾಕು" ಎಂದು ಯೋಗಾನಂದ ಅವಳನ್ನು ಕೊನೆಯ ಬೆಂಚಿಗೆ ಕಳಿಸಿದರು. ಮೂರು ವಾರ ಅವಳು ತುಟಿ ಬಿಚ್ಚಲಿಲ್ಲ. ಕೊನೆಗೆ ಮನೆಯಲ್ಲಿ, "ಸ್ಕೂಲೇ ಬೇಡ, ನಾನೂ ಮಗ್ಗಕ್ಕೆ ಬರ್ತೀನಿ" ಎಂದು ಹಟ ಹಿಡಿದಳಂತೆ.

ನಾಲ್ಕನೇ ಗುರುವಾರ ಕಾಲ್ ನಡೆಯುತ್ತಿರುವಾಗಲೇ ಬನಶಂಕರಿ ಮಗಳ ಕೈ ಹಿಡಿದು ಬಾಗಿಲಲ್ಲಿ ನಿಂತಳು.

"ಸಾರ್, ನನ್ ಮಗ್ಳು ಏನ್ ತಪ್ಪು ಮಾಡವ್ಳೆ? ಯಾಕೆ ಹಿಂದಕ್ ತಳ್ಳಿದ್ದೀರಾ?"

ಅಬ್ಬಾ! ಇಡೀ ಪೋಲೆಂಡ್ ಬೆಚ್ಚಿಬಿತ್ತು. ಯೋಗಾನಂದ ಬೆವರುತ್ತ ಮೈಕ್ ಆಫ್ ಮಾಡಿ, "ಮೆಲ್ಲಗಮ್ಮಾ, ಮರ್ಯಾದೆ ಹೋಗ್ತದೆ" ಎಂದರು. ಅವಳಿಗೆ ಅದೆಲ್ಲಿ ಕೇಳಬೇಕು? ಅವಳ ಕಣ್ಣು ಪರದೆಯ ಮೇಲಿತ್ತು. ಅಲ್ಲೊಂದು ಹುಡುಗಿ ಹೆದರಿ ಅಳುಮುಖ ಮಾಡಿಕೊಂಡಿತ್ತು. ಬನಶಂಕರಿಯ ಸಿಟ್ಟು ಜರ್ರನೆ ಇಳಿಯಿತು. ಐದೂ ಬೆರಳು ಕೂಡಿಸಿ ಬಾಯಿಯ ಹತ್ತಿರ ಒಯ್ದು, ಅಂಗೈ ತಿರುವಿದಳು. ಊಟ ಆಯ್ತಾ ಮಗಳೇ?

ಆ ಹುಡುಗಿ ಅರ್ಧ ಕಚ್ಚಿದ ಸೇಬು ಎತ್ತಿ ತೋರಿಸಿತು. ಅಷ್ಟಕ್ಕೆ ತುಂಬುತ್ತಾ ಎಂದು ಬನಶಂಕರಿ ಹೊಟ್ಟೆ ತಟ್ಟಿದಳು. ಆ ಕಡೆ ಇಡೀ ಕ್ಲಾಸು ತಂತಮ್ಮ ಡಬ್ಬಿ ತೆರೆದು ಕ್ಯಾಮೆರಾಕ್ಕೆ ಹಿಡಿಯಿತು. ಮೂರು ವಾರದಿಂದ ನಮ್ಮವರು "ಹೌ ಆರ್ ಯು, ಫೈನ್" ದಾಟಿರಲಿಲ್ಲ.

ಯೋಗಾನಂದ ಮೈಕ್ ಮತ್ತೆ ಆನ್ ಮಾಡಿ, ಅದನ್ನು ಒಂದು ಮಾರು ದೂರಕ್ಕೆ ಎಳೆದಿಟ್ಟರು.

"ವಾಣಿ, ಮುಂದೆ ಬಾಮ್ಮ. ನಿಮ್ಮಮ್ಮ ಏನ್ ಕೇಳಿದ್ರು ಅಂತ ಅವರಿಗೆ ಇಂಗ್ಲಿಷಲ್ಲಿ ಹೇಳು. ನಿನ್ ದನೀಲೇ ಹೇಳು."

ಬನಶಂಕರಿಗೆ ಇದೂ ಕೇಳಲಿಲ್ಲ. ಏನಂತೆ ಎಂದು ಮಗಳತ್ತ ಕೈ ತಿರುವಿದಳು. ವಾಣಿ ಕ್ಲಾಸಿನವರೆಲ್ಲ ನೋಡುತ್ತಿದ್ದಂತೆ ಕೈಯೆತ್ತಿ ಹೇಳಿದಳು. ಕರೀತಿದ್ದಾರೆ, ಮುಂದಕ್ಕೆ. ನನಗೆ ನಾಚಿಕೆಯಾಯಿತು, ಸಂತೋಷವೂ ಆಯಿತು.

"ಹಂಗಾದ್ರೆ ಬರ್ತೀನಿ, ಮಗ್ಗ ನಿಂತೈತೆ" ಎಂದು ಬನಶಂಕರಿ ಕಣ್ಣೊರೆಸಿಕೊಂಡು ಹೊರಟಳು. ಅವಳು ಶೆಡ್ಡು ಸೇರುವ ತನಕ ವಾಣಿಯ ಇಂಗ್ಲಿಷ್ ಬೀದಿಗೆಲ್ಲ ಕೇಳುತ್ತಿತ್ತು, ಅವಳೊಬ್ಬಳನ್ನು ಬಿಟ್ಟು.