ಪಡ್ಡಾಯಿ ಎಂದರೆ ಯಾವ ಕಡೆ

ಎರಡು ಅರಬ್ ದೇಶಗಳನ್ನು ಜೋಡಿಸುವ ಹೆದ್ದಾರಿಯನ್ನು ಕಟ್ಟಿದವರಲ್ಲಿ ನಾನೂ ಒಬ್ಬ. ಈ ಮಾತನ್ನು ಪಾಣೆಮಂಗಳೂರಿನ ಹೋಟೆಲಿನಲ್ಲಿ ಹೇಳಿದರೆ ಯಾರೂ ಬನ್ಸ್ ತಿನ್ನುವುದನ್ನು ನಿಲ್ಲಿಸುವುದಿಲ್ಲ. ಆದರೂ ದಾಖಲೆಗೆ ಇರಲಿ. ನನ್ನದು ಸರ್ವೆಯ ಕೆಲಸ: ರಸ್ತೆ ಬರಬೇಕಾದಲ್ಲಿ ಗೂಟ ಹೊಡೆಸುವುದು, ಗೂಟಕ್ಕೆ ಕೆಂಪು ಬಟ್ಟೆ ಕಟ್ಟಿಸುವುದು, ಆ ಬಟ್ಟೆಯನ್ನು ಒಂಟೆ ತಿನ್ನದಂತೆ ನೋಡಿಕೊಳ್ಳುವುದು.

ಉತ್ತರದಿಂದ ನಾವು, ದಕ್ಷಿಣದಿಂದ ಇನ್ನೊಂದು ಕಂಪೆನಿಯವರು ಕಟ್ಟುತ್ತ ಬಂದು ಗಡಿಯಲ್ಲಿ ಕೂಡಬೇಕಿತ್ತು. ಗಡಿ ಎಂದರೆ ಒಂದು ತಂತಿ ಬೇಲಿ. ಆಚೆ ಮರಳು, ಈಚೆಯೂ ಮರಳು. ಆಚೆಯ ಸರ್ವೆಯವನು ಮೂಡುಬಿದಿರೆಯವನೆಂದು ಗೊತ್ತಾದ ದಿನವೇ ಎರಡು ಸರಕಾರಗಳ ಪತ್ರವ್ಯವಹಾರ ಅನಾವಶ್ಯಕವಾಯಿತು. ಒಂದು ಪತ್ರ ಎರಡು ರಾಜಧಾನಿ ಸುತ್ತಿ ಬರುವಷ್ಟರಲ್ಲಿ ನಾವು ಫೋನಿನಲ್ಲಿ ತುಳು ಮಾತಾಡಿ ಕೆಲಸ ಮುಗಿಸಿ, ಬೆಳ್ತಂಗಡಿಯಲ್ಲಿ ಯಾರ ಮದುವೆಯ ಊಟ ಹೇಗಿತ್ತು ಎಂಬುದನ್ನೂ ತೀರ್ಮಾನಿಸಿ ಆಗಿರುತ್ತಿತ್ತು.

ಜೋಡಣೆಯನ್ನು ಎರಡೂ ದೇಶದ ಎಂಜಿನಿಯರುಗಳು ನೋಡಿ ಒಪ್ಪಬೇಕು. ಒಪ್ಪಿದರೆ ನನಗೆ ರಜೆ. ಇಲ್ಲದಿದ್ದರೆ ಕ್ಯಾಂಪಿನಿಂದ ಒಂದು ಕಾಗೆಯೂ ಹೊರಡುವಂತಿಲ್ಲ. ಇತ್ತ ನರಿಕೊಂಬಿನಲ್ಲಿ ನನ್ನ ಹೊಸ ಮನೆಯ ಒಕ್ಕಲಿಗೆ, ಅಂದರೆ ಗೃಹಪ್ರವೇಶಕ್ಕೆ, ಮುಹೂರ್ತ ಇಟ್ಟಾಗಿತ್ತು, ಒಂದು ವಾರ ಉಳಿದಿತ್ತು. ಯಜಮಾನನಿಲ್ಲದೆ ಅಂದು ಹಾಲು ಉಕ್ಕಿಸಿದರೆ, ಆ ಹಾಲು ನನ್ನ ಆಯುಷ್ಯ ಇರುವವರೆಗೂ ಮನೆಯಲ್ಲಿ ಉಕ್ಕುತ್ತಲೇ ಇರುತ್ತದೆ ಎಂಬುದು, ಹೆಂಡತಿಯನ್ನು ಬಲ್ಲ ನನಗೆ ಗೊತ್ತಿತ್ತು.

ಎಂಜಿನಿಯರುಗಳು ಬರುವ ಹಿಂದಿನ ದಿನ ನಕ್ಷೆಯಲ್ಲಿ ಸಣ್ಣ ತಿದ್ದುಪಡಿ ಬಂತು. ಆಚೆ ಬದಿಯ ಗೂಟಗಳು ಎರಡು ಮೀಟರ್ ಪಶ್ಚಿಮಕ್ಕೆ ಸರಿಯಬೇಕು. ನಾನು ಮೂಡುಬಿದಿರೆಯವನಿಗೆ ಫೋನು ಮಾಡಿ, ಎರಡು ಮೀಟರ್ ಪಡ್ಡಾಯಿಗೆ ಹಾಕು ಎಂದೆ. ತುಳುವಿನಲ್ಲಿ ಪಡ್ಡಾಯಿ ಎಂದರೆ ಪಶ್ಚಿಮ, ಮೂಡಾಯಿ ಎಂದರೆ ಪೂರ್ವ. ಇದು ನಮ್ಮಲ್ಲಿ ತೊಟ್ಟಿಲ ಮಗುವಿಗೂ ಗೊತ್ತು.

ಬೆಳಿಗ್ಗೆ ನೋಡಿದರೆ ನನ್ನ ಗೂಟಗಳ ಸಾಲು ಒಂದು ಕಡೆ, ಅವನದ್ದು ನಾಲ್ಕು ಮೀಟರ್ ದೂರ ಇನ್ನೊಂದು ಕಡೆ. ಎರಡು ರಾಷ್ಟ್ರಗಳು ಭುಜವೂ ತಾಗದೆ ಒಂದನ್ನೊಂದು ದಾಟಿ ಹೋಗುವ ಯೋಜನೆ. ಬೇಲಿಯ ಈಚೆ ನಿಂತು, ಆಚೆ ನಿಂತಿದ್ದ ಅವನನ್ನು, ಪಡ್ಡಾಯಿ ಎಂದರೆ ಯಾವ ಕಡೆ ಎಂದು ಕೇಳಿದೆ. ಅವನು ದೂರದಲ್ಲಿ ಹೊಳೆಯುತ್ತಿದ್ದ ಸಮುದ್ರವನ್ನು ತೋರಿಸಿದ.

"ಅದು ಮೂಡು, ಮಾರಾಯ. ಈಗ ಸೂರ್ಯ ಅಲ್ಲಿಂದಲೇ ಎದ್ದು ಬಂದದ್ದು ನೋಡ್ಲಿಲ್ವಾ?"

"ಸೂರ್ಯ ಎಲ್ಲಿ ಬೇಕಾದ್ರೂ ಏಳ್ಲಿ. ಕಡಲು ಇರುವುದು ಪಡ್ಡಾಯಿಯಲ್ಲಿ."

ಊರ ಹೆಸರಿನಲ್ಲೇ ಮೂಡು ಇಟ್ಟುಕೊಂಡವನ ತೀರ್ಪು ಇದು. ಬೈಯುವ ಹಾಗೂ ಇರಲಿಲ್ಲ, ನಮ್ಮೂರಲ್ಲಿ ಕಡಲು ಇರುವುದು ಪಶ್ಚಿಮಕ್ಕೇ. ಆ ದೇಶಕ್ಕೆ ಹೋದ ಹೊಸತರಲ್ಲಿ ನಾನೂ ಊರ ಅಭ್ಯಾಸದಂತೆ ಕಡಲಿನತ್ತ ಕಾಲು ಚಾಚಿ, ತಲೆ ಮೂಡಿಗೆ ಉಂಟೆಂಬ ಸಮಾಧಾನದಲ್ಲಿ ಆರು ತಿಂಗಳು ಮಲಗಿದವನೇ.

ಕಾಲು ಬೇಲಿ ದಾಟಬಾರದೆಂದು ಬೋರ್ಡಿತ್ತು. ಕೈಯ ವಿಚಾರ ಅದರಲ್ಲಿ ಇರಲಿಲ್ಲ. ನಾನು ತಂತಿಯ ನಡುವಿನಿಂದ ಕೈ ತೂರಿಸಿ ಟೇಪಿನ ತುದಿ ಹಿಡಿದೆ, ಅವನು ಗೂಟ ಕೀಳುತ್ತ, ಹೊಡೆಯುತ್ತ ಹೋದ. ಮತ್ತೆ ಯಾವ ದಿಕ್ಕಿನ ಹೆಸರನ್ನೂ ನಾನು ಎತ್ತಲಿಲ್ಲ. ಕಡಲಿನಿಂದ ದೂರ, ಇನ್ನೂ ಸ್ವಲ್ಪ ದೂರ ಎಂದಷ್ಟೇ ಕೂಗಿದೆ. ಕೊನೆಯ ಗೂಟಕ್ಕೆ ಬಟ್ಟೆ ಕಟ್ಟುವಾಗ ಕಾರುಗಳ ಧೂಳು ಕಂಡಿತು. ಎಂಜಿನಿಯರುಗಳು ಒಂದು ಕಣ್ಣು ಮುಚ್ಚಿ ಸಾಲನ್ನು ನೋಡಿದರು, ತಲೆಯಾಡಿಸಿದರು, ಬೇಲಿಯ ಮೇಲಿನಿಂದ ಪರಸ್ಪರ ಕೈ ಕುಲುಕಿದರು. ನಮ್ಮ ಕೈಯನ್ನು ಯಾರೂ ಕುಲುಕಲಿಲ್ಲ. ಅವನ ಅಂಗೈಯಲ್ಲಿ ಬೊಕ್ಕೆ, ನನ್ನದರಲ್ಲಿ ತಂತಿಯ ಗೀರು ಎದ್ದಿದ್ದರಿಂದ ಅದು ಉಪಕಾರವೇ ಆಯಿತು.

ಹಾಲು ನನ್ನೆದುರೇ ಉಕ್ಕಿತು. ರಜೆ ಸಿಕ್ಕಿದ್ದ ಅವನೂ ಒಕ್ಕಲಿಗೆ ಬಂದ. ದಾರಿ ಹೇಳುವಾಗ ನಾನು ಹೆದರಿ ಹೆದರಿ, ಪಾಣೆಮಂಗಳೂರಿನಿಂದ ಹೊಳೆಬದಿಯಲ್ಲೇ ಮೂಡಾಯಿಗೆ ಬಾ ಎಂದಿದ್ದೆ. ಯಾರನ್ನೂ ಕೇಳದೆ ಸೀದಾ ಅಂಗಳಕ್ಕೆ ಬಂದು ಇಳಿದ. ದಾರಿ ತಪ್ಪಲಿಲ್ಲವೇ ಎಂದು ವಿಚಾರಿಸಿದೆ.

"ಎಂತಕ್ಕೆ ತಪ್ಪುವುದು? ಇಲ್ಲಿ ಕಡಲು ಇರಬೇಕಾದ ಜಾಗದಲ್ಲಿ ಉಂಟಲ್ವಾ" ಎಂದವನೇ ಊಟದ ಪಂಕ್ತಿಯಲ್ಲಿ ಜಾಗ ಹಿಡಿದ.