ಎರಡೂ ಮುಖಕ್ಕೆ ಕುಂಕುಮ

ಡಬ್ಬಿಯ ಮುಚ್ಚಳ ಕೂರುತ್ತಿರಲಿಲ್ಲ. ಒತ್ತಿದರೆ ಕೂರುವುದು, ಕೈ ತೆಗೆದರೆ ಒಂದು ಮೂಲೆ ಮೆಲ್ಲಗೆ ಏಳುವುದು. ಒಳಗಿದ್ದದ್ದು ಅಯಸ್ಕಾಂತ ಅಡಗಿಸಿದ ಮರದ ತುಂಡುಗಳು, ಮಕ್ಕಳು ಒಂದಕ್ಕೊಂದು ಅಂಟಿಸಿ ಮನೆ, ಸೇತುವೆ ಕಟ್ಟುವಂಥವು. ಗೌರಿಬಿದನೂರಿನ ಶಿಶುವಿಹಾರವೊಂದಕ್ಕೆ ಹೋಗಬೇಕಿದ್ದ ನಮ್ಮ ಮೊದಲ ಆರ್ಡರು ಅದು.

ಚಿಕ್ಕಬಳ್ಳಾಪುರದಿಂದ ಕಳವಾರಕ್ಕೆ ಹೋಗುವ ರಸ್ತೆಯ ಆ ಶೆಡ್ಡಿನಲ್ಲಿ ನಾನೊಬ್ಬಳೇ ಇಂಜಿನಿಯರು. ನಮ್ಮ ವಂಶದಲ್ಲೇ ಮೊದಲ ಡಿಗ್ರಿ ನನ್ನದು. ಪರೀಕ್ಷೆಯ ವರದಿಗೆ ಸಹಿ ಹಾಕುವಾಗ ಬಿ.ಇ. ಅಂತ ಬರೆಯದೆ ಬಿಟ್ಟವಳಲ್ಲ. ಯಾಕೆ ಬಿಡಲಿ? ಅಮ್ಮ ರೇಷ್ಮೆ ಬಿಚ್ಚಾಣಿಕೆಯ ಬಿಸಿನೀರಿನಲ್ಲಿ ಕೈ ಬೇಯಿಸಿಕೊಂಡು ಓದಿಸಿದ್ದು.

ಅಯಸ್ಕಾಂತ ಹೊರಬಂದರೆ ಮಗು ನುಂಗಿಬಿಡುತ್ತದೆ. ಅದಕ್ಕೇ ಮರ ಸೀಳದೆ ತೆಗೆಯಲಾಗದಂತೆ ತೂತಿಗೆ ಬಿರಡೆ ಬಡಿದು ಅಂಟು ಹಾಕಿಸಿದ್ದೆ. ತುಂಡುಗಳನ್ನು ಸಿಮೆಂಟ್ ನೆಲಕ್ಕೆ ಬೀಳಿಸಿದ್ದೆ, ನೀರಲ್ಲಿ ನೆನೆಸಿದ್ದೆ, ಇಕ್ಕಳದಿಂದ ಎಳೆದಿದ್ದೆ. ಎಲ್ಲ ಪಾಸು. ಅಂದಮೇಲೆ ತಪ್ಪು ಡಬ್ಬಿಯದೇ ಎಂದು ತೀರ್ಮಾನಿಸಿ, ಜಗಳಕ್ಕೆ ಸಿದ್ಧಳಾಗಿ ಚಿಂತಾಮಣಿಯ ಡಬ್ಬಿ ಮಾಡುವವರ ಹತ್ತಿರ ಹೋದೆ.

"ಅಣ್ಣಾ, ಡಬ್ಬಿ ಗಿಡ್ಡ ಮಾಡಿದೀರ."

"ನೀನ್ ಕೊಟ್ಟ ಅಳತೇನೇ ತಾನೆ ತಲ್ಲೀ?" ಎಂದವರು ಡಬ್ಬಿ ಖಾಲಿ ಮಾಡಿ ಮುಚ್ಚಳ ಹಾಕಿದರು. ಸರಿಯಾಗಿ ಕೂತಿತು. ಆಮೇಲೆ ಎರಡು ತುಂಡು ಸಾಲಾಗಿ ಇಟ್ಟರು. ಒಂದು ಇನ್ನೊಂದನ್ನು ತಳ್ಳಿ ಮೇಲೆದ್ದಿತು.

"ಡಬ್ಬೀದೇನೂ ತಪ್ಪಿಲ್ಲಮ್ಮಾ. ಒಳಗಿರೋವೇ ಓರಗಿತ್ತೀರ ಥರ ಆಡ್ತಾ ಇದಾವೆ!"

ವಾಪಸು ಬರುವಾಗ ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ಚೀಲಗಳು ಬಸ್ಸು ಹತ್ತಿದವು. ಮಂಡಿ ಅಲುಗಿಸಲೂ ಜಾಗವಿಲ್ಲ. ತೊಡೆಯ ಮೇಲಿನ ಡಬ್ಬಿಯ ಮುಚ್ಚಳ ಅಂಗೈಯಡಿ ಏಳುತ್ತಲೇ ಇತ್ತು. ಅಲ್ಲೇ ಹೊಳೆಯಿತು, ಆಯುಧಪೂಜೆಯ ಕುಂಕುಮ.

ಅಯಸ್ಕಾಂತದ ಬಿಲ್ಲೆಯ ಉತ್ತರದ ಮುಖ ಯಾವುದೆಂದು ತಿಳಿಯಲು ಅದಕ್ಕೊಂದು ಕುಂಕುಮದ ಬೊಟ್ಟು ಇಡುತ್ತಿದ್ದೆ. ಬಣ್ಣ ಒಣಗಲು ಹೊತ್ತು ಬೇಕು, ಕುಂಕುಮಕ್ಕೆ ಬೇಡ. ನನ್ನದೇ ಉಪಾಯ. ತುಂಡಿನ ಒಂದು ತುದಿಯಲ್ಲಿ ಬೊಟ್ಟು ಹೊರಕ್ಕೆ, ಇನ್ನೊಂದರಲ್ಲಿ ಒಳಕ್ಕೆ ಎಂದಷ್ಟೇ ಕೆಲಸದ ಹೆಂಗಸರಿಗೆ ಹೇಳಿದ್ದೆ. ಯಾಕೆ ಅಂತ ಹೇಳಿರಲಿಲ್ಲ. ಹೇಳಿದರೆ ಇವರಿಗೆಲ್ಲಿ ತಿಳಿಯುತ್ತದೆ ಅಂದುಕೊಂಡಿದ್ದೆ.

ಶೆಡ್ಡಿಗೆ ಬಂದು, ಬಿಲ್ಲೆ ಕೂರಿಸುವವರಲ್ಲಿ ಹಿರಿಯರಾದ ಅಕ್ಕನನ್ನು ಕೇಳಿದೆ. "ಪೂಜೆ ದಿನ ತಟ್ಟೇಲಿದ್ದ ಬಿಲ್ಲೆಗಳಿಗೆ ಏನಾದ್ರೂ ಮಾಡಿದ್ರಾ?"

"ಏನ್ ಮಾಡ್ತೀನಮ್ಮ? ಅರ್ಧಕ್ಕರ್ಧ ಬೋಳು ಹಣೇಲಿ ಬಿದ್ದಿದ್ವು. ಹಬ್ಬದ ದಿನ ಹಂಗ್ ಬಿಡ್ತಾರಾ? ಎಲ್ಲಕ್ಕೂ ಬೊಟ್ಟಿಟ್ಟೆ."

ಅವು ಮಗುಚಿ ಬಿದ್ದಿದ್ದವು, ಅಷ್ಟೇ. ಎರಡೂ ಮುಖಕ್ಕೆ ಕುಂಕುಮವಾದ ಮೇಲೆ ಯಾವುದು ಹೊರಕ್ಕೆ, ಯಾವುದು ಒಳಕ್ಕೆ?

ಶೆಡ್ಡಿನ ಯಜಮಾನರು ಕೇಳಿಸಿಕೊಂಡರು. "ನೀವ್ ಯಾಕ್ ತಲೆ ಕೆಡಿಸ್ಕೊಳ್ತೀರ ಮೇಡಂ? ಕೆಲಸಗಾರರ ತಪ್ಪು ಅಂತ ಬರ್ದು ಸಹಿ ಹಾಕಿ. ಆಯಮ್ಮನ್ನ ನಾಳೆಯಿಂದ ಬರಬೇಡ ಅಂತೀನಿ."

ಪೆನ್ನು ಹಿಡಿದು ಕೂತೆ. ಬರೆದುಬಿಡೋಣ ಅನ್ನಿಸಿತು, ಇದ್ದದ್ದು ಇದ್ದಂತೆ ಹೇಳಬೇಕು. ಬೊಟ್ಟು ಇಟ್ಟದ್ದು ಅವರೇ, ಸುಳ್ಳೇನಲ್ಲ. ನನ್ನ ತಪ್ಪು ಅಂತ ಬರೆದರೆ, ಓದಿದೋಳ ಹಣೆಬರಹ ಇಷ್ಟೇನಾ ಅಂತಾರೆ. ಆ ಮಾತು ಕೇಳಬಾರದೆಂದೇ ಓದಿದವಳು ನಾನು. ಆದರೆ ಪೂಜೆಯ ನಂತರದ ತುಂಡುಗಳನ್ನು ಬೀಳಿಸಿ, ಎಳೆದು ನೋಡಿದ್ದೆನೇ ಹೊರತು ಒಂದಕ್ಕೊಂದು ಅಂಟುತ್ತವೆಯೇ ಎಂದು ನೋಡಿರಲಿಲ್ಲ. ಬೊಟ್ಟಿತ್ತಲ್ಲ, ಸಾಕು ಅಂದುಕೊಂಡಿದ್ದೆ. ಆ ಕಡೆ ಅಕ್ಕ ತಮ್ಮ ಊಟದ ಬುತ್ತಿಯನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು, ಯಾರೂ ಹೇಳದೆಯೇ.

'ಗುರುತಿನ ಅರ್ಥ ನಾನು ತಿಳಿಸಿರಲಿಲ್ಲ, ಅಂಟುವುದನ್ನೂ ಪರೀಕ್ಷಿಸಲಿಲ್ಲ' ಎಂದು ಬರೆದು ಸಹಿ ಹಾಕಿದೆ. ಬಿ.ಇ. ಅಂತಲೂ ಬರೆದೆ.

ಯಜಮಾನರು ಎರಡು ಸಲ ಓದಿದರು. "ಹಂಗಾದ್ರೆ ಎಲ್ಲಾ ಡಬ್ಬೀನೂ ನೀವೇ ಬಿಚ್ಚಿ, ನೀವೇ ಆರಿಸಿ. ಮುಗಿಯೋವರ್ಗೂ ನಿಮಗೆ ಬೇರೆ ಕೆಲಸ ಇಲ್ಲ."

ಕಿಟಕಿಯಿಲ್ಲದ ಸ್ಟೋರ್ ರೂಮು, ಸೂರಿನವರೆಗೂ ಡಬ್ಬಿಗಳು. ಅಕ್ಕ ಬಂದು ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತರು. "ಈಗಾದ್ರೂ ಹೇಳಮ್ಮ, ಬೊಟ್ಟು ಯಾತಕ್ಕೆ?"

ಉತ್ತರ, ದಕ್ಷಿಣ ಅಂತ ಶುರುಮಾಡಿದೆ. "ಇಷ್ಟು ಚಿಕ್ಕದಕ್ಕೆ ಯಾವ ದಿಕ್ಕಮ್ಮ?" ಅಂದರು. ನನ್ನ ಬಾಯಲ್ಲಿದ್ದದ್ದು ಕಾಲೇಜಿನ ಮಾತುಗಳಷ್ಟೇ, ಅವು ಮುಂದಕ್ಕೆ ಹೋಗಲಿಲ್ಲ. ಕೊನೆಗೆ ಎರಡು ತುಂಡು ಅವರ ಕೈಗೆ ಕೊಟ್ಟೆ. ಹತ್ತಿರ ತಂದರು, ತಳ್ಳಿತು. ಒಂದನ್ನು ತಿರುಗಿಸಿದರು, ಟಕ್ಕನೆ ಕಚ್ಚಿಕೊಂಡಿತು.

"ಇಷ್ಟೇನಾ? ಇದನ್ನ ಮೊದ್ಲೇ ಕೈಗೆ ಕೊಟ್ಟಿದ್ರೆ ಆಗ್ತಿರ್ಲಿಲ್ವಾ?"

ಮುಂದಿನ ಡಬ್ಬಿ ಬಿಚ್ಚಿ ಅವರ ಮುಂದಿಟ್ಟೆ.