ಆ ಮೀನನ್ನು ನಾನು ಮುಟ್ಟಿರಲಿಲ್ಲ

ಆ ಮೀನನ್ನು ನಾನು ಮುಟ್ಟಿರಲಿಲ್ಲ. ಬೆಳಗಾವಿಯ ನಮ್ಮ ಕಾಲೇಜಿನ ವಿಜ್ಞಾನ ಪ್ರದರ್ಶನದಲ್ಲಿ, ಅದನ್ನು ಬೆರಳಿಟ್ಟು ಗುರುತಿಸಿದವಳು ನಾನೇ ಎಂದು ಹೇಳಿದ್ದು ಸುಳ್ಳು. ಊರವರನ್ನೆಲ್ಲ ಪ್ರಶ್ನಿಸುತ್ತ ಪತ್ರಿಕೆಗೆ ಲೇಖನ ಬರೆಯುವ ನಾನು, ಐದು ವರ್ಷ ನನ್ನನ್ನು ಮಾತ್ರ ಕೇಳದೆ ಬಿಟ್ಟೆ.

ಇದು ಐದು ವರ್ಷದ ಹಿಂದಿನ ಮಾತು, ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಸಸ್ಯಶಾಸ್ತ್ರದವಳು, ಗೆಳತಿ ಮೆಹರುನ್ನಿಸಾ ಪ್ರಾಣಿಶಾಸ್ತ್ರದವಳು. ರವಿವಾರ ಪೇಟೆಯ ಅವಳ ಮನೆಯ ಗಾಜಿನ ತೊಟ್ಟಿಗಾಗಿ ಖಾನಾಪುರದ ಹೊಳೆಯಿಂದ ಮೀಸೆಯ ಮೀನು ತರುವುದೇ ನಮ್ಮ ಹಬ್ಬ. ರೈಲಿನಲ್ಲಿ ನಮ್ಮ ಡಬ್ಬಿಯೊಳಗೆ ಇಣುಕಿದ ಹಿರಿಯರೊಬ್ಬರು ಕೇಳಿದ್ದರು:

"ಸಾರಿಗೇನವಾ?"

"ಇಲ್ರೀ ಕಾಕಾ, ಕಾಲೇಜಿಗೆ."

"ಹಂಗಾರ ಈಗ ಮೀನಾನೂ ಸಾಲಿ ಕಲಿತಾವನ್ನು."

ನನ್ನ ಕಣ್ಣಿಗೆ ಆ ಮೀನುಗಳೆಲ್ಲ ಒಂದೇ: ಬೂದು ಮೈ, ಉದ್ದ ಪಟ್ಟೆ, ಕಿವಿರಿನ ಹಿಂದೆ ಕಪ್ಪು ಚುಕ್ಕೆ. ಎರಡು ಜಾತಿ ಎಂದು ಕಂಡುಕೊಂಡವಳು ಮೆಹರು. ಒದ್ದೆ ಅಂಗೈಯಲ್ಲಿ ಮೀನು ಹಿಡಿದು ತಲೆಯ ಹಿಂದೆ ಬೆರಳು ಜಾರಿಸುತ್ತಿದ್ದಳು. ಒಂದರಲ್ಲಿ ತಲೆಯ ಎಲುಬು ಬೆನ್ನಿನ ರೆಕ್ಕೆಯ ಬುಡದವರೆಗೂ ಹೋಗುತ್ತದೆ. ಇನ್ನೊಂದರಲ್ಲಿ ನಡುವೆ ಒಂದು ಮೆತ್ತಗಿನ ಸಂದು.

"ನೀನೂ ಮುಟ್ಟಿ ನೋಡ, ಗಿರಿಜಾ."

ಲಿಂಗಪೂಜೆಯ ಮನೆಯವಳು ನಾನು. ಕೈ ಹಿಂದೆ ಕಟ್ಟಿಕೊಂಡು ಅವಳ ಮಾತನ್ನು ಅಂದವಾದ ವಾಕ್ಯಗಳಾಗಿ ಜೋಡಿಸಿಕೊಂಡೆ. ಅವಳ ಆಸೆ ಒಂದೇ—ಪ್ರದರ್ಶನದ ಫಲಕದಲ್ಲಿ ತನ್ನ ತಂದೆ, ಅಬ್ಬಾ, ತನ್ನ ಹೆಸರು ಓದಬೇಕು.

ಪ್ರದರ್ಶನದ ದಿನ ವಿವರಿಸುವ ಕೆಲಸ ನನ್ನದಾಗಿತ್ತು. ಪ್ರಾಧ್ಯಾಪಕರು ಕೇಳಿದರು, "ಬೆರಳಿಟ್ಟು ನೋಡಿದವರು ಯಾರು?"

"ನಾನ ರೀ, ಸರ್."

ಪಕ್ಕದಲ್ಲೇ ಮೆಹರು, ಮೀನಿನ ಮುಳ್ಳು ಚುಚ್ಚಿದ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ನಿಂತಿದ್ದಳು. ನನ್ನತ್ತ ನೋಡಿದಳು. ಪ್ರದರ್ಶನಕ್ಕೆ ತಂದಿದ್ದ ಅವಳ ತೊಟ್ಟಿಯನ್ನು ಕಾಲೇಜು ಕೇಳಿ ಇಟ್ಟುಕೊಂಡಿತು. 'ಗುರುತಿಸಿದವರು' ಎಂಬ ಫಲಕದಲ್ಲಿ ನನ್ನ ಹೆಸರೊಂದೇ.

ಸುದ್ದಿ ನನಗಿಂತ ಮೊದಲೇ ಮನೆ ಸೇರಿತ್ತು. ಅಜ್ಜಿ ಹೊಸ್ತಿಲಲ್ಲೇ ತಡೆದಳು: "ಮೀನಾ ಮುಟ್ಟಿದ ಕೈಲೆ ಲಿಂಗಾ ಮುಟ್ಟತಿ ಏನ? ಬಚ್ಚಲಕ್ಕ ನಡಿ ಮೊದಲ." ಮುಟ್ಟಿಲ್ಲ ಎಂಬ ಒಂದು ಮಾತು ಸಾಕಿತ್ತು. ಆಡಲಿಲ್ಲ. ಸುಳ್ಳನ್ನು ಉಳಿಸಿಕೊಳ್ಳಲು ತಣ್ಣೀರು ಸುರಿದುಕೊಂಡೆ.

ಮರುದಿನ ಇದನ್ನು ಹೇಳಿದಾಗ ಮೆಹರು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಮೀನಾ ಹಿಡದಾಕಿ ನಾ, ಮೈ ತೊಳಕೊಂಡಾಕಿ ನೀ. ಬರೋಬರಿ ಆತ ಬಿಡ." ನಾನೂ ನಕ್ಕೆ, ಆ ನಗುವಿನ ಸುಖ ಇಂದಿಗೂ ಆರಿಲ್ಲ. ಆದರೆ ಅದನ್ನೇ ಕ್ಷಮೆಯೆಂದು ಎಣಿಸಿ ಫಲಕವನ್ನು ಹಾಗೇ ಬಿಟ್ಟೆನಲ್ಲ—ಸುಳ್ಳಿಗಿಂತಲೂ ಕೀಳಾದದ್ದು ಅದು.

ಕಳೆದ ವಾರ ಅದೇ ಪ್ರಾಧ್ಯಾಪಕರೆದುರು ನಿಜ ಹೇಳಿದೆ. ಫಲಕವನ್ನು ಕಳಚಿ, ನನ್ನ ಕೈಯಾರೆ ಹೊಸದು ಬರೆದೆ. ಮೆಹರುವಿನ ಅಬ್ಬಾ ಅಂಗಡಿ ಮುಚ್ಚಿ ಬಂದರು. ಕನ್ನಡಕ ಒರೆಸಿಕೊಂಡು, ಮಗಳ ಹೆಸರನ್ನು ಒಂದೊಂದೇ ಅಕ್ಷರವಾಗಿ ಗಟ್ಟಿಯಾಗಿ ಓದಿದರು. ಮತ್ತೊಮ್ಮೆ ಓದಿದರು. ಐದು ವರ್ಷ ತಡವಾಗಿ.

"ಅಬ್ಬಾ, ಸಾಕ ಬಿಡ್ರಿ, ಮೀನಾ ಅಂಜತಾವ," ಎಂದಳು ಮೆಹರು. ಆಮೇಲೆ ನನ್ನ ಕಡೆ ತಿರುಗಿ, "ರವಿವಾರ ಹೊಳಿಗೆ ಹೋಗೂಣು."

ಹೋಗುತ್ತೇನೆ. ಸಂಜೆ ಬಚ್ಚಲಿಗೆ ನೀರು ಕಾಯಿಸಿಡಲು ಅಜ್ಜಿಗೆ ಈಗಲೇ ಹೇಳಿದ್ದೇನೆ. ಆ ಮೆತ್ತಗಿನ ಸಂದನ್ನು ಅಂದು ಅಷ್ಟು ಜನರೆದುರು ವರ್ಣಿಸಿದೆ—ನನ್ನ ಬೆರಳಿಗೆ ಅದು ಇನ್ನೂ ಗೊತ್ತಿಲ್ಲ.